ಹೋಟೆಲ್ ಹೆಚ್ಚಿಸಿದ ದಿನ

ಅಪ್ಪನ ಹೋಟೆಲಿನಲ್ಲಿ ‘ಮುಚ್ಚು’ ಎಂಬ ಮಾತನ್ನು ಯಾರೂ ಆಡುವಂತಿರಲಿಲ್ಲ. ಪಾತ್ರೆಯ ಬಾಯಿ ಮುಚ್ಚಬಹುದು, ನನ್ನ ಬಾಯಿ ಮುಚ್ಚಿಸಲು ನೋಡಬಹುದು, ಆದರೆ ಹೋಟೆಲ್ ಮುಚ್ಚುವ ಹಾಗಿಲ್ಲ. ದಿನದ ವ್ಯಾಪಾರ ಮುಗಿದ ಮೇಲೆ ಅಪ್ಪ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ನಿಂತು, “ಇನ್ನು ಹೆಚ್ಚಿಸುವ” ಎನ್ನುತ್ತಿದ್ದರು. ಆಗ ಶಟರ್ ಇಳಿಯುತ್ತಿತ್ತು. ಅರ್ಧ ಇಳಿದ ಶಟರಿನ ಕೆಳಗೆ ಯಾರಾದರೂ ತಲೆ ತೂರಿಸಿ ಚಹಾ ಕೇಳಿದರೆ, “ಹೆಚ್ಚಾಯ್ತು, ನಾಳೆ ಬನ್ನಿ” ಎನ್ನುತ್ತಿದ್ದರು. ಮರಾಠಿಯವರಿಗೆ ಮರಾಠಿಯಲ್ಲಿ, ನಮ್ಮವರಿಗೆ ಕನ್ನಡದಲ್ಲಿ.

ಉಡುಪಿಯ ಕಡೆಯಿಂದ ಡೊಂಬಿವಲಿಗೆ ಬಂದ ಅಪ್ಪ ಇದನ್ನು ಕಲಿತದ್ದು ಪಕ್ಕದ ಕಿರಾಣಿ ಅಂಗಡಿಯ ಯಜಮಾನರಿಂದ. ಮರಾಠಿಯಲ್ಲಿ ಅಂಗಡಿ ಮುಚ್ಚುವುದಕ್ಕೆ ‘ದುಕಾನ್ ವಾಢವಣೆ’ ಎನ್ನುತ್ತಾರೆ, ಅಂದರೆ ಅಂಗಡಿಯನ್ನು ಹೆಚ್ಚಿಸುವುದು. ಅನ್ನ ಕೊಡುವ ಜಾಗದ ವಿಷಯದಲ್ಲಿ ಅಪಶಕುನದ ಮಾತು ಬಾಯಲ್ಲಿ ಬರಬಾರದು. ಹೊರಡುವಾಗ ‘ಹೋಗುತ್ತೇನೆ’ ಎನ್ನದೆ ‘ಬರುತ್ತೇನೆ’ ಎನ್ನುವ ನಮಗೆ ಇದೇನು ಹೊಸದಲ್ಲ. ಅಪ್ಪ ಆ ಮಾತನ್ನು ಇದ್ದ ಹಾಗೆ ಎತ್ತಿ ಕನ್ನಡಕ್ಕೆ ತಂದುಕೊಂಡರು.

ಅದರಿಂದ ಒಂದು ಅನಾಹುತವೂ ಆಯಿತು. ವಿಜಯಪುರದ ಕಡೆಯವರೊಬ್ಬರು ಸಪ್ಲೈ ಕೆಲಸಕ್ಕೆ ಸೇರಿದ ಮೊದಲ ದಿನ, ಅಪ್ಪನಿಗೆ ಯಾರನ್ನೋ ಕರೆತರಲು ಸ್ಟೇಷನ್ನಿಗೆ ಹೋಗಬೇಕಿತ್ತು. “ನಾನು ಬರ್ತೇನೆ, ನೀನು ಹೆಚ್ಚಿಸು” ಎಂದು ಹೇಳಿ ಹೋದರು. ಬಂದು ನೋಡಿದರೆ ಶಟರ್ ತೆರೆದೇ ಇದೆ, ದೀಪಗಳೆಲ್ಲ ಉರಿಯುತ್ತಿವೆ, ಹೊಸ ಮನುಷ್ಯ ಈರುಳ್ಳಿಯ ರಾಶಿಯ ಮುಂದೆ ಕೂತು ಧಾರಾಕಾರ ಅಳುತ್ತಿದ್ದಾರೆ. “ಹೆಚ್ಚು ಅಂತ ಹೇಳಿ ಹೋದ್ರಲ್ರೀ ಯಜಮಾನ್ರ, ಇದ್ದಷ್ಟೂ ಉಳ್ಳಾಗಡ್ಡಿ ಹೆಚ್ಚೇನಿ ನೋಡ್ರಿ” ಎಂದರಂತೆ. ಮರುದಿನ ಈರುಳ್ಳಿ ಉತ್ತಪ್ಪ, ಈರುಳ್ಳಿ ಪಕೋಡ, ಈರುಳ್ಳಿ ಸಾಂಬಾರು. ಚಹಾಕ್ಕೆ ಮಾತ್ರ ಹಾಕಲಿಲ್ಲ. ಆ ಮನುಷ್ಯ ಆಮೇಲೆ ನಮ್ಮೆಲ್ಲರ ‘ಅಣ್ಣಾವ್ರು’ ಆಗಿ ನಮ್ಮ ಹೋಟೆಲಿನಲ್ಲೇ ತಲೆ ನರೆಸಿಕೊಂಡರು.

ಈ ಕಥೆಯನ್ನು ನಾನು ಕಂಡಕಂಡವರಿಗೆ ಹೇಳಿ ನಕ್ಕಿದ್ದೇನೆ. ಕಡೆಗೆ ಅದೇ ಮಾತಿಗೆ ನಾನೂ ಬಿದ್ದೆ. ಅದೂ ಹುಟ್ಟಿದಾಗಿನಿಂದ ಅದನ್ನು ಕೇಳಿಕೊಂಡು ಬೆಳೆದವಳು.

ಶಾಲೆ ಬಿಟ್ಟ ಕೂಡಲೇ ನಾನು ಓಡುತ್ತಿದ್ದದ್ದು ಹೋಟೆಲಿಗೆ. ಗಲ್ಲಾದ ಪಕ್ಕದಲ್ಲಿ ನನ್ನದೊಂದು ಸ್ಟೂಲಿತ್ತು. ಅಲ್ಲಿ ಕೂತು ಬರುವವರನ್ನು, ಹೋಗುವವರನ್ನು ಮಾತಾಡಿಸುವುದೇ ನನ್ನ ಆಟ. ಅಪ್ಪನ ಹತ್ತಿರ ಒಂದು ವಿದ್ಯೆಯಿತ್ತು. ಒಳಗೆ ಕಾಲಿಡುವವನ ಮುಖ ನೋಡಿಯೇ ಇವನಿಗೆ ಮಾತು ಬೇಕೋ, ಮೊದಲು ಚಹಾ ಬೇಕೋ ಎಂದು ಹೇಳಿಬಿಡುತ್ತಿದ್ದರು. ಕಾರ್ಖಾನೆಯಲ್ಲಿ ಬೈಸಿಕೊಂಡು ಬಂದವನಿಗೆ ಒಂದು ದನಿ, ಮಗಳ ಮದುವೆ ನಿಶ್ಚಯವಾದವನಿಗೆ ಇನ್ನೊಂದು ದನಿ. “ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಎರಡೂ ಬಲ್ಲವ ಹೋಟೆಲ್ ಇಡ್ಬಹುದು” ಎಂದು ನಗುತ್ತಿದ್ದರು. ನನಗೆ ಎರಡೂ ಬರುತ್ತವೆ ಎಂದು ನಾನು ಆಗಲೇ ತೀರ್ಮಾನಿಸಿಬಿಟ್ಟಿದ್ದೆ.

ನನ್ನ ಅಣ್ಣ ಇದಕ್ಕೆ ತದ್ವಿರುದ್ಧ. ಅವನು ಹೋಟೆಲಿಗೆ ಬಂದರೆ ಹಿಂದಿನ ಬಾಗಿಲಿನಿಂದ ಬರುತ್ತಿದ್ದ. ಯಾರಾದರೂ “ಏನಪ್ಪಾ, ಎಷ್ಟನೇ ಕ್ಲಾಸು?” ಎಂದರೆ ಕಿವಿ ಕೆಂಪಾಗುತ್ತಿತ್ತು. “ಮಾತು ಬೆಳ್ಳಿ, ಮೌನ ಬಂಗಾರ” ಎಂದು ಅಮ್ಮ ನನಗೆ ಅವನನ್ನು ತೋರಿಸುತ್ತಿದ್ದಳು. “ಮನೆಗೆ ಬೆಳ್ಳಿಯೂ ಬೇಕಲ್ಲ” ಎಂದು ನಾನು ತಿರುಗಿ ಹೇಳುತ್ತಿದ್ದೆ. ಅಣ್ಣ ರಸಾಯನಶಾಸ್ತ್ರ ಓದಿ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಲ್ಯಾಬಿಗೆ ಸೇರಿದ. ದಿನವಿಡೀ ಗಾಜಿನ ನಳಿಕೆಗಳು, ತೂಕ, ಬಣ್ಣ. ಸಂಜೆ ಬೆರಳ ತುದಿ ಹಳದಿ ಮಾಡಿಕೊಂಡು ಬರುತ್ತಿದ್ದ. ಮೈಗೆ ಒಂಥರಾ ಘಾಟು ವಾಸನೆ. ಆದರೆ ಊಟಕ್ಕೆ ಕೂತಾಗ ತಾನಾಗಿಯೇ ಹಾಡಿನ ಒಂದು ಸಾಲು ಗುನುಗುತ್ತಿದ್ದ. “ಅಲ್ಲಿ ಎಂತ ಉಂಟು ಅಷ್ಟು ಖುಷಿ?” ಎಂದು ಕೇಳಿದ್ದಕ್ಕೆ, “ಅಲ್ಲಿ ಯಾರೂ ಮಾತಾಡ್ಸುದಿಲ್ಲ” ಎಂದ. ಅವನ ಬಾಯಿಂದ ಅಷ್ಟು ತೃಪ್ತಿಯ ಮಾತು ನಾನು ಬೇರೆ ಕೇಳಿಲ್ಲ.

ನಾನು ಬಿ.ಕಾಂ. ಮುಗಿಸುವಾಗ ಬೇಲಾಪುರದ ಒಂದು ಸರಕಾರಿ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಅರ್ಜಿ ಹಾಕಿದ್ದು ಗೆಳತಿಯ ಜೊತೆಗೆ, ಸುಮ್ಮನೆ. ಅವಳಿಗೆ ಸಿಗಲಿಲ್ಲ, ನನಗೆ ಸಿಕ್ಕಿತು. ಮನೆಯಲ್ಲಿ ಪಾಯಸ ಮಾಡಿದರು.

ಆ ಹೊತ್ತಿಗೇ ಅಪ್ಪನಿಗೆ ಪಾರ್ಶ್ವವಾಯು ಬಡಿಯಿತು. ಕೈಕಾಲು ನಿಧಾನವಾಗಿ ಸುಧಾರಿಸಿತು, ಮಾತು ಮಾತ್ರ ಸರಿಯಾಗಿ ಹಿಂದಿರುಗಲಿಲ್ಲ. ಮಾತಿಲ್ಲದೆ ಗಲ್ಲಾದಲ್ಲಿ ಕೂರುವುದು ಹೇಗೆ? “ನಾನು ಕೂರ್ತೇನೆ” ಎಂದೆ. ಅಮ್ಮ ನನ್ನನ್ನು ನೋಡಿದ ರೀತಿ ಈಗಲೂ ಕಣ್ಣ ಮುಂದಿದೆ. “ಸರಕಾರಿ ಕೆಲ್ಸ ಮನೆಬಾಗಿಲಿಗೆ ಬಂದಿರುವಾಗ ಗಲ್ಲಾದಲ್ಲಿ ಕೂರ್ತೀಯಾ? ಜನ ಎಂತ ಹೇಳ್ಯಾರು? ನಾಳೆ ನಿನ್ನನ್ನು ನೋಡ್ಲಿಕ್ಕೆ ಬರುವವರು ಎಂತ ಹೇಳ್ಯಾರು?” ಎಂದಳು. ಅಣ್ಣನ ಕಾರ್ಖಾನೆಯೋ, ಇವತ್ತು ಇದ್ದು ನಾಳೆ ಇಲ್ಲದಂಥದ್ದು. ಲೆಕ್ಕ ಸರಿಯಾಗಿಯೇ ಇತ್ತು. ಅಪ್ಪ ಸರಿಯಿದ್ದ ಕೈಯನ್ನು ಎತ್ತಿ ಅಣ್ಣನ ಕಡೆ ತೋರಿಸಿದರು. ಅಣ್ಣ ತಲೆ ತಗ್ಗಿಸಿ “ಆಯ್ತು” ಎಂದ. ಮೌನ ಬಂಗಾರವನ್ನು ತೆಗೆದುಕೊಂಡು ಹೋಗಿ ಗದ್ದಲದ ಮಧ್ಯೆ ಕೂರಿಸಿದರು, ಬೆಳ್ಳಿಯನ್ನು ಕಡತಗಳ ನಡುವೆ ಇಟ್ಟರು.

ಮದುವೆಯಾಗಿ ನಾನು ಕಲ್ಯಾಣಕ್ಕೆ ಹೋದೆ. ದಿನವೂ ಅಲ್ಲಿಂದ ಲೋಕಲ್ ರೈಲಿನಲ್ಲಿ ಠಾಣೆ, ಅಲ್ಲಿ ಗಾಡಿ ಬದಲಿಸಿ ಬೇಲಾಪುರ. ನಿಜ ಹೇಳಬೇಕೆಂದರೆ ನನ್ನ ಜೀವ ಇದ್ದದ್ದು ಲೇಡೀಸ್ ಡಬ್ಬಿಯಲ್ಲಿ. ಯಾರ ಅತ್ತೆ ಹೇಗೆ, ಯಾರ ಮಗನಿಗೆ ಯಾವ ಕಾಲೇಜು, ಎಲ್ಲವೂ ನನ್ನ ನಾಲಿಗೆಯ ತುದಿಯಲ್ಲಿ. ಬೇಲಾಪುರದಲ್ಲಿ ಇಳಿದ ಮೇಲೆ ಆ ನಾಲಿಗೆಯನ್ನು ಚೀಲದಲ್ಲಿ ಹಾಕಿ ಜಿಪ್ ಎಳೆಯಬೇಕಿತ್ತು.

ನಡುವೆ ಕೆಲವು ಒಳ್ಳೆಯ ವರ್ಷಗಳು ಬಂದವು. ನನ್ನನ್ನು ಕೆಳಗಿನ ಮಹಡಿಯ ವಿಚಾರಣೆ ಕಿಟಕಿಗೆ ಹಾಕಿದರು. ಉಳಿದವರಿಗೆ ಅದು ಶಿಕ್ಷೆಯ ಜಾಗ. ಬೆಳಿಗ್ಗೆಯಿಂದ ಜನರ ಸಾಲು, ಸಿಟ್ಟು, ಅಳು, ಫ್ಯಾನು ಬೇರೆ ಸರಿಯಿಲ್ಲ. ನನಗೆ ಮಾತ್ರ ಕುರ್ಚಿಗೆ ಬೆನ್ನು ತಾಗಿದ ಕೂಡಲೇ ಅಪ್ಪನ ಗಲ್ಲಾದ ಪಕ್ಕದ ನನ್ನ ಸ್ಟೂಲಿನ ನೆನಪಾಯಿತು. ಹಳ್ಳಿಯ ಜಮೀನಿನ ಕಾಗದ ಹಿಡಿದು ಬಂದ ಕಚ್ಚೆ ಸೀರೆಯ ಅಜ್ಜಿಯರು, ಬದಲಾಪುರದಿಂದ ಮೂರನೇ ಸಲ ಬಂದು ಕುದಿಯುತ್ತಿರುವ ಗಂಡಸರು. ಯಾರಿಗೆ ಮೊದಲು ನೀರು ಕೊಡಬೇಕು, ಯಾರಿಗೆ ಮೊದಲು ಉತ್ತರ ಕೊಡಬೇಕು ಎಂದು ನನಗೆ ಗೊತ್ತಾಗುತ್ತಿತ್ತು. ಕಿರುಚುತ್ತಾ ಬಂದವರು ಹೋಗುವಾಗ “ಯೇತೋ ತಾಈ”, ಅಂದರೆ ‘ಬರ್ತೇನೆ ಅಕ್ಕಾ’, ಎಂದು ಹೇಳಿ ಹೋಗುತ್ತಿದ್ದರು. ಆ ವರ್ಷಗಳಲ್ಲಿ ಭಾನುವಾರ ಸಂಜೆಯೇ ನಾನು ಸೋಮವಾರದ ಸೀರೆ ತೆಗೆದಿಡುತ್ತಿದ್ದೆ.

ಆಮೇಲೆ ಎಲ್ಲವೂ ಕಂಪ್ಯೂಟರಿಗೆ ಹೋಯಿತು. ಕಿಟಕಿಗೆ ಪ್ಲೈವುಡ್ ಹೊಡೆದು, ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದರು. ನನಗೆ ಮೇಲಿನ ಮಹಡಿಯಲ್ಲಿ ಎಸಿ, ತಿರುಗುವ ಕುರ್ಚಿ, ಕಿಟಕಿಯಿಂದ ಗುಡ್ಡ ಕಾಣುವ ಮೇಜು ಸಿಕ್ಕಿತು. ಎಲ್ಲರೂ ನಿನ್ನ ಅದೃಷ್ಟ ಎಂದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಪರದೆಯ ಮೇಲಿನ ಅರ್ಜಿಗೆ ಟಿಕ್ ಹಾಕುವುದು. ಅರ್ಜಿಗೆ ಮುಖವಿಲ್ಲ, ಬಾಯಿಯಿಲ್ಲ, ನೀರು ಬೇಕೇ ಎಂದು ಕೇಳುವ ಹಾಗಿಲ್ಲ. ನಾನು ಪಕ್ಕದವರ ಜೊತೆ ಮಾತಿಗಿಳಿದರೆ ಅವರು ಕಿವಿಯಿಂದ ಇಯರ್‌ಫೋನ್ ತೆಗೆದು “ಕ್ಯಾ?” ಎನ್ನುವಷ್ಟರಲ್ಲಿ ನನಗೇ ಹೇಳುವ ಹುರುಪು ಹೋಗಿರುತ್ತಿತ್ತು. ನಮ್ಮ ಮೇಲಧಿಕಾರಿ ಒಳ್ಳೆಯ ಹೆಂಗಸು. ಒಂದು ದಿನ ಕರೆದು ನಯವಾಗಿಯೇ ಹೇಳಿದರು, “ಕಾಮ್ ಛಾನ್, ಪಣ್ ಬೋಲಣಂ ಜಾಸ್ತ್.” ಕೆಲಸ ಚೆನ್ನಾಗಿದೆ, ಮಾತು ಹೆಚ್ಚು. ನಾನು ತಲೆಯಾಡಿಸಿ ಬಂದು ಕೂತು, ಆ ದಿನವೆಲ್ಲ ಬಾಯಿ ತೆರೆಯಲಿಲ್ಲ. ಸಂಜೆ ಗಾಡಿಯಲ್ಲೂ ತೆರೆಯಲಿಲ್ಲ.

ಕೆಲಸ ಕೆಟ್ಟದ್ದಲ್ಲ. ನಾನೂ ಕೆಟ್ಟವಳಲ್ಲ. ಇಬ್ಬರಿಗೂ ಜಾತಕ ಕೂಡಿರಲಿಲ್ಲ, ಅಷ್ಟೇ. ಮದುವೆಗೆ ಮೂರು ಕಡೆ ಜಾತಕ ತೋರಿಸುವ ಜನ, ಇಡೀ ಹಗಲನ್ನು ಯಾವುದಕ್ಕೆ ಕಟ್ಟುತ್ತೇವೆ ಎಂಬುದನ್ನು ಯಾರ ಹತ್ತಿರವೂ ಕೇಳುವುದಿಲ್ಲ.

ಅಣ್ಣನ ಸ್ಥಿತಿ ಇದಕ್ಕಿಂತ ಮೇಲೇನಲ್ಲ. ಗಿರಾಕಿಗಳು ಅವನಿಗೆ ‘ಮೌನಿ ಬಾಬಾ’ ಎಂದು ಹೆಸರಿಟ್ಟರು. ಗಲ್ಲಾದ ಹಿಂದೆ ಕೂತು, ಯಾರು ಏನು ಕೇಳಿದರೂ ತಲೆಯಾಡಿಸುವುದೇ ಉತ್ತರ. ಅಡುಗೆ ಮನೆಯ ಉಪ್ಪು, ಹುಳಿ, ಹಿಟ್ಟಿನ ಹದ ಅವನ ಕೈಯಲ್ಲಿ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ, ಹಾಗಾಗಿ ಜನ ಬರುತ್ತಿದ್ದರು. ಆದರೆ ಕೂತು ಹರಟುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಫೋನಿನಲ್ಲಿ ಹಣ ಕೊಡುವುದು ಬಂದು, ಹಣ ಸಂದಾಯವಾದದ್ದನ್ನು ಕೂಗಿ ಹೇಳುವ ಪುಟ್ಟ ಪೆಟ್ಟಿಗೆ ಬಂದಾಗ ಅಣ್ಣ ಹೋಟೆಲಿನವರಿಗೆಲ್ಲ ಸಿಹಿ ಕೊಟ್ಟನಂತೆ. ಇನ್ನು ಅವನು ಬಾಯಿ ಬಿಡುವ ಅಗತ್ಯವೇ ಇಲ್ಲವಲ್ಲ! ಆ ಪೆಟ್ಟಿಗೆಯೊಳಗಿನ ಹೆಂಗಸು ಟಣ್ಣೆಂದು ಶುರುಮಾಡಿ ಎಲ್ಲರಿಗೂ ಒಂದೇ ದನಿಯಲ್ಲಿ ಹೇಳುತ್ತಿದ್ದಳು. ನಾನು ಹೋದಾಗಲೆಲ್ಲ ಅವಳನ್ನು ಕೇಳಿ ಹೊಟ್ಟೆ ಉರಿಯುತ್ತಿತ್ತು. ನನ್ನ ಜಾಗದಲ್ಲಿ ಬಂದು ಕೂತವಳು ಅವಳು, ಅದೂ ಮಾತು ಬಾರದವಳು.

ಹೋಟೆಲಿನ ಪಕ್ಕದ ಗೋಡೆಯಾಚೆ ಒಂದು ಟೈಲರ್ ಅಂಗಡಿಯಿತ್ತು. ಆ ಗೋಡೆ ಒಡೆದು ಹೋಟೆಲನ್ನು ದೊಡ್ಡದು ಮಾಡಬೇಕು, ಅಣ್ಣ ಒಳಗೆ ಅಡುಗೆ ನೋಡಿಕೊಳ್ಳಬೇಕು, ನಾನು ಗಲ್ಲಾದಲ್ಲಿ ಕೂರಬೇಕು. ಇದು ನನ್ನ ಹಳೆಯ ಆಸೆ. ಅಪ್ಪ ಹೋದರು, ಅಮ್ಮನೂ ಹೋದಳು, ಆಸೆ ಮಾತ್ರ ಹೋಗಲಿಲ್ಲ. ಪ್ರತಿ ಗಣಪತಿ ಹಬ್ಬಕ್ಕೂ ಅಣ್ಣನಿಗೆ ಹೇಳುತ್ತಿದ್ದೆ. ಅವನು ಹೂಂ ಅನ್ನುತ್ತಿರಲಿಲ್ಲ, ಉಹೂಂ ಅನ್ನುತ್ತಿರಲಿಲ್ಲ. ಕಳೆದ ಮಳೆಗಾಲದಲ್ಲಿ ಟೈಲರ್ ಜಾಗ ಬಿಟ್ಟು ಹೋದ. ಆ ಖಾಲಿ ಜಾಗದಲ್ಲಿ ಎಷ್ಟು ಮೇಜು ಹಿಡಿಯುತ್ತವೆ ಎಂದು ನಾನು ಎಣಿಸಲು ಶುರುಮಾಡಿದೆ.

ದಸರೆ ಕಳೆದ ಮೇಲೆ, ಕಚೇರಿಯಲ್ಲಿ ಊಟದ ಡಬ್ಬಿ ಬಿಚ್ಚುವಾಗ ಅಣ್ಣನ ಸಂದೇಶ ಬಂತು. “ಈ ತಿಂಗಳ ಕೊನೆಗೆ ಹೋಟೆಲ್ ಹೆಚ್ಚಿಸುವ ಅಂತ ಉಂಟು. ಆದಿತ್ಯವಾರ ಬಾ. ನಿನ್ನ ಹತ್ರ ಮಾತಾಡ್ಲಿಕ್ಕುಂಟು.”

ಮಾತಾಡಲಿಕ್ಕುಂಟು! ಅಣ್ಣನಿಗೆ! ನನ್ನ ಕಣ್ಣು ಅಲ್ಲಿಗೇ ಅಂಟಿಕೊಂಡಿತು. ಡಬ್ಬಿ ಹಾಗೇ ಬಿಟ್ಟು ಮೇಲಧಿಕಾರಿಯ ಕೋಣೆಗೆ ಹೋಗಿ, ನಿವೃತ್ತಿಗೆ ಮೊದಲೇ ಸ್ವಂತ ಇಚ್ಛೆಯಿಂದ ಕೆಲಸ ಬಿಡುವುದು ಹೇಗೆ ಎಂದು ಕೇಳಿದೆ. “ಯಾಕೆ?” ಎಂದರು. “ನಮ್ಮ ಹೋಟೆಲ್ ದೊಡ್ಡದಾಗ್ತಾ ಇದೆ” ಎಂದೆ. ಅವರು ಎದ್ದು ನನ್ನ ಕೈ ಕುಲುಕಿದರು. ಭಾನುವಾರ ಬರುವವರೆಗೆ ನಾನು ನೆಲದ ಮೇಲೆ ನಡೆದದ್ದು ನೆನಪಿಲ್ಲ. ಗಲ್ಲಾದ ಪಕ್ಕ ಹೂವಿನ ಪಾತ್ರೆ ಇಡಬೇಕು, ಆ ಟಣ್ಣೆನ್ನುವ ಹೆಂಗಸಿನ ದನಿ ತಗ್ಗಿಸಬೇಕು ಎಂದೆಲ್ಲ ಯೋಚಿಸಿದೆ. ಹೆಚ್ಚಿಸುವುದು ಎಂದರೆ ಏನೆಂದು ಬಾಲ್ಯವಿಡೀ ಪ್ರತಿ ಸಂಜೆ ಕೇಳಿದವಳಿಗೆ, ಒಂದು ಸಲವಾದರೂ ಅದು ಹೊಳೆಯಲಿಲ್ಲ. ಬೇಕಾದದ್ದನ್ನೇ ಕಿವಿ ಕೇಳುತ್ತದೆ.

ಭಾನುವಾರ ಬೆಳಿಗ್ಗೆ ಪೇಢೆಯ ಪೆಟ್ಟಿಗೆ ಹಿಡಿದು ಡೊಂಬಿವಲಿಯಲ್ಲಿ ಇಳಿದೆ. ಹೋಟೆಲಿನಲ್ಲಿ ಅಣ್ಣ ಗಲ್ಲಾದಿಂದ ಎದ್ದು ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತ. ನಾನು ಮೊದಲು ಅವನ ಬಾಯಿಗೆ ಒಂದು ಪೇಢೆ ಹಾಕಿದೆ. ಅವನು ಅದನ್ನು ನಿಧಾನವಾಗಿ ತಿಂದ. ಅವನ ಕಣ್ಣಲ್ಲಿ ನೀರಿತ್ತು.

“ನಿನಗೆ ಇಷ್ಟು ಖುಷಿ ಆಗ್ತದೆ ಅಂತ ನಾನು ಎಣಿಸಿರ್ಲಿಲ್ಲ ಮಾರಾಯ್ತಿ” ಎಂದ. “ನಿನಗೆ ಹೇಗೆ ಹೇಳುದು ಅಂತಲೇ ಹೆದರಿಕೆ ಇತ್ತು. ಅಪ್ಪನ ಹೋಟೆಲ್ ಅಲ್ವಾ.”

ಆಮೇಲೆ ಅವನು ಅಷ್ಟು ವರ್ಷ ಆಡದ ಮಾತನ್ನೆಲ್ಲ ಆಡಿದ. ಕಟ್ಟಡ ಬೀಳಿಸಿ ಹೊಸದು ಕಟ್ಟುತ್ತೇವೆ ಎಂದು ಪ್ರತಿ ವರ್ಷ ಹೇಳುತ್ತಿದ್ದವರು ಈ ಸಲ ನಿಜವಾಗಿ ಬಂದಿದ್ದಾರೆ. ಟೈಲರ್ ಅದಕ್ಕೇ ಹೋದದ್ದು. ಹೊಸ ಕಟ್ಟಡದಲ್ಲಿ ಅಂಗಡಿ ಬೇಡವೆಂದು ಅಣ್ಣ ಒಪ್ಪಿ ಸಹಿ ಹಾಕಿಬಿಟ್ಟಿದ್ದಾನೆ. ಅವನ ಹಳೆಯ ಕಾರ್ಖಾನೆಯ ಗೆಳೆಯ ಬದಲಾಪುರದಲ್ಲಿ ನೀರು ಪರೀಕ್ಷಿಸುವ ಸಣ್ಣ ಲ್ಯಾಬ್ ಇಟ್ಟಿದ್ದಾನೆ, ಅಲ್ಲಿಗೆ ಬಾ ಎಂದು ಕರೆದಿದ್ದಾನೆ. “ಒಂದು ಕೋಣೆ, ಒಂದು ಮೇಜು. ಬಾಟ್ಲಿಯಲ್ಲಿ ನೀರು ಬರ್ತದೆ, ಜನ ಬರುದಿಲ್ಲ” ಎಂದು ಹೇಳುವಾಗ ಅವನ ಮುಖದಲ್ಲಿ, ಊಟಕ್ಕೆ ಕೂತು ಹಾಡು ಗುನುಗುತ್ತಿದ್ದ ಆ ಹುಡುಗ ಬಂದು ಕೂತಿದ್ದ.

ನನ್ನ ಕೈಯಲ್ಲಿ ಪೇಢೆಯ ಪೆಟ್ಟಿಗೆಯಿದೆ. ನಾನು ಕೇಳಿದ್ದು ಬೇರೆ ಎಂದರೆ ಅವನು ಆ ಕ್ಷಣದಲ್ಲೇ ಬದಲಾಪುರ ಬಿಟ್ಟು ಮತ್ತೆ ಗಲ್ಲಾದ ಹಿಂದೆ ಹೋಗಿ ಕೂರುವ ಪೈಕಿ. ಒಂದು ಸಲ “ಆಯ್ತು” ಎಂದು ಅವನ ಇಡೀ ಹರೆಯವೇ ಹೋಗಿತ್ತು. “ಖುಷಿ ಆಗದೆ ಇರ್ತದಾ ಅಣ್ಣ?” ಎಂದೆ. ಸಪ್ಲೈಯ ಅಣ್ಣಾವ್ರನ್ನು ಕರೆದು ಅವರಿಗೂ ಪೇಢೆ ಕೊಟ್ಟೆ. ನನ್ನ ಜೀವಮಾನದಲ್ಲೇ ಅಷ್ಟು ಕಡಿಮೆ ಮಾತಾಡಿ ಎದ್ದ ದಿನ ಇನ್ನೊಂದಿಲ್ಲ. ಗಾಡಿಯಲ್ಲಿ ಕಲ್ಯಾಣ ಬರುವವರೆಗೆ ಬಾಗಿಲ ಕಡೆ ಮುಖ ಮಾಡಿ ನಿಂತು ಅತ್ತೆ. ಸೋಮವಾರ ಮೇಲಧಿಕಾರಿ “ಏನಾಯ್ತು ನಿಮ್ಮ ಅರ್ಜಿ?” ಎಂದು ಕೇಳಿದಾಗ, “ಇನ್ನೂ ಸ್ವಲ್ಪ ದಿನ ಇರ್ತೇನೆ ಮೇಡಂ” ಎಂದೆ.

ಕೊನೆಯ ದಿನಕ್ಕೆ ನಾನು ರಜೆ ಹಾಕಿದೆ. ಬೆಳಿಗ್ಗೆ ಹೋದ ಕೂಡಲೇ ಅಣ್ಣ ಗಲ್ಲಾದ ಹಿಂದಿನಿಂದ ಎದ್ದು ಪಕ್ಕಕ್ಕೆ ಸರಿದ. “ಇವತ್ತು ನೀನೇ ಕೂತ್ಕೋ” ಎಂದ. ಅಷ್ಟೇ ಹೇಳಿ ಒಳಗೆ ಹೋದ. ನಾನು ಅವನಿಗೆ ಏನನ್ನೂ ಹೇಳಿರಲಿಲ್ಲ. ಅವನು ಏನನ್ನು ತಿಳಿದುಕೊಂಡಿದ್ದ, ಯಾವಾಗಿನಿಂದ ತಿಳಿದುಕೊಂಡಿದ್ದ, ನನಗೆ ಇವತ್ತಿಗೂ ಗೊತ್ತಿಲ್ಲ.

ಮೊದಲು ಆ ಟಣ್ಣೆನ್ನುವ ಪೆಟ್ಟಿಗೆಯನ್ನು ಆಫ್ ಮಾಡಿದೆ. ಆಮೇಲೆ ಸಂಜೆಯವರೆಗೆ ನಾನು ಬಾಯಿ ಮುಚ್ಚಲಿಲ್ಲ. ಅಪ್ಪನ ಕಾಲದ ಮುದುಕರು ಸುದ್ದಿ ಕೇಳಿ ಕೋಲೂರಿಕೊಂಡು ಬಂದಿದ್ದರು. ಹೊಸ ಹುಡುಗಿಯರು ಇಯರ್‌ಫೋನ್ ಹಾಕಿಕೊಂಡು ಬಂದವರು ಅದನ್ನು ತೆಗೆದಿಟ್ಟು, ಇಂಟರ್‌ವ್ಯೂ ಹೇಗಾಯಿತೆಂದು ನನಗೆ ಹಿಂದಿಯಲ್ಲಿ ಹೇಳಿದರು. ಒಬ್ಬನ ಮುಖ ನೋಡಿದ ಕೂಡಲೇ ಇವನಿಗೆ ಮೊದಲು ಚಹಾ ಎಂದು ಗೊತ್ತಾಯಿತು. ಕೊಟ್ಟ ಮೇಲೆ ತಾನಾಗಿಯೇ ಮಾತಾಡಿದ. ಗಂಟಲು ಕಟ್ಟಿತು, ಸೊಂಟ ಹಿಡಿಯಿತು, ಫ್ಯಾನಿನ ಗಾಳಿ ನನ್ನ ಕಡೆ ಬರುತ್ತಲೇ ಇರಲಿಲ್ಲ. ನನ್ನ ತಿರುಗುವ ಕುರ್ಚಿಯ ಮುಂದೆ ಅದೊಂದು ಕುರ್ಚಿಯೇ ಅಲ್ಲ. ಆದರೆ ಆ ದಿನದಷ್ಟು ಸುಖವಾಗಿ ನಾನು ಯಾವ ದಿನವೂ ಕೆಲಸ ಮಾಡಲಿಲ್ಲ. ಇಡೀ ಬದುಕು ಹೀಗೇ ಇರಬಹುದಿತ್ತು ಎಂದು ಹೊತ್ತು ಹೊತ್ತಿಗೂ ಅನಿಸುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಹಿಟ್ಟು ಮುಗಿಯಿತು, ಹಾಲು ಮುಗಿಯಿತು. ಸಪ್ಲೈಯ ಅಣ್ಣಾವ್ರು ಮೇಜುಗಳನ್ನು ಒರೆಸಿ ಕೈಕಟ್ಟಿ ನಿಂತರು. ಅಣ್ಣ ಒಳಗಿನಿಂದ ಬಂದು ಕೊಕ್ಕೆಯ ಕೋಲು ಹಿಡಿದು ಶಟರಿನ ಹತ್ತಿರ ನಿಂತ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಗಲ್ಲಾದಲ್ಲಿ ಕೂತವರು ಹೇಳದೆ ಹೋಟೆಲ್ ಹೆಚ್ಚಿಸುವ ಹಾಗಿಲ್ಲ. ಮಾತು ಹೆಚ್ಚು ಎನಿಸಿಕೊಂಡವಳ ಬಾಯಿಂದ ಆ ಒಂದು ಮಾತು ಹೊರಡಲಿಲ್ಲ.

“ಹೇಳ್ರಿ ಅಕ್ಕಾರ” ಎಂದು ಅಣ್ಣಾವ್ರು ಮೆಲ್ಲಗೆ ಅಂದರು. “ಈ ಸಲ ಉಳ್ಳಾಗಡ್ಡಿ ಹೆಚ್ಚೂದಿಲ್ರಿ.”

ನಗು ಬಂತು. ಅಳುವಿನ ಜೊತೆಗೇ ಬಂತು. “ಇನ್ನು ಹೆಚ್ಚಿಸುವ” ಎಂದೆ. ಅಣ್ಣ ಶಟರ್ ಎಳೆದ. ಅದು ಅರ್ಧಕ್ಕೆ ಇಳಿಯುವಷ್ಟರಲ್ಲಿ ಅದರ ಕೆಳಗಿನಿಂದ ಒಂದು ತಲೆ ಒಳಗೆ ತೂರಿತು. ಕಲಬುರಗಿಯ ಕಡೆಯವನಿರಬೇಕು, ತಲೆಗೂದಲಿನಲ್ಲಿ ಸಿಮೆಂಟಿನ ಪುಡಿಯಿತ್ತು.

“ಒಂದ್ ಚಾ ಸಿಗ್ತದೇನ್ರಿ ಅಕ್ಕಾ?”

“ಹೆಚ್ಚಾಯ್ತಪ್ಪ” ಎಂದೆ. “ನಾಳೆ ಬನ್ನಿ.”

“ಆಯ್ತ್ರಿ ಅಕ್ಕಾ, ನಾಳೆ ಬರ್ತೀನಿ” ಎಂದು ಅವನು ಹೋದ. ಅಣ್ಣನೂ ನನ್ನನ್ನು ತಿದ್ದಲಿಲ್ಲ, ಅಣ್ಣಾವ್ರೂ ತಿದ್ದಲಿಲ್ಲ. ಉಳಿದರ್ಧ ಶಟರನ್ನು ಅಣ್ಣ ನಿಧಾನವಾಗಿ ಇಳಿಸಿದ.